ಓಟಿಟಿಗೆ ಕೊಡಿಸ್ತೀವಿ ಅನ್ನೋರ ಅಗ್ರಿಮೆಂಟಿಗೆ ಸೈನ್ ಹಾಕೋ ಮುಂಚೆ ಇದನ್ನ ಓದಿ

ಚಿಕ್ಕ ಬಜೆಟ್ಟಲ್ಲಿ ಕನ್ನಡ ಸಿನಿಮಾ ಮಾಡ್ತಿರೋರಿಗೆಲ್ಲ ಹೇಳ್ತಿದೀನಿ, ಓಟಿಟಿಗೆ ಮಾರಿಸಿ ಕೊಡ್ತೀವಿ ಅಂತ ಬರೋ ಮಧ್ಯವರ್ತಿಗಳ ಅಗ್ರಿಮೆಂಟಲ್ಲಿ ಒಂದು ಜಾಗಾನೂ ಖಾಲಿ ಬಿಟ್ಟು ಸೈನ್ ಹಾಕ್ಬೇಡಿ. ಒಂದೇ ಒಂದು ಜಾಗಾನೂ. ನಮಗೆ ಹೀಗೆ ಮಾಡಿದ ಮಧ್ಯವರ್ತಿಯ ಹೆಸರು ಹಾಕ್ಬೇಡಿ ಅಂತ ನಮ್ಮ ವಕೀಲರು ಹೇಳಿರೋದಕ್ಕೆ ಸುಮ್ನಿದೀನಿ, ಇಲ್ದಿದ್ರೆ ಫೋಟೋ ಸಮೇತ ಹಾಕ್ತಿದ್ದೆ.

ಪರಿಸ್ಥಿತಿ ನಿಮಗೇ ಗೊತ್ತಲ್ಲ. ಶುಕ್ರವಾರ ಥಿಯೇಟರ್ ಬಾಡಿಗೆ ಕಟ್ಟಿ ರಿಲೀಸ್ ಮಾಡಿದ್ರೆ ಸೋಮವಾರಕ್ಕೆ ಶೋ ಇರಲ್ಲ, ಓಟಿಟಿಯವರು ಚಿಕ್ಕ ಕನ್ನಡ ಸಿನಿಮಾ ಅಂದ್ರೆ ಮೇಲ್‌ಗೆ ಉತ್ತರಾನೂ ಕೊಡಲ್ಲ. ರಕ್ಷಿತ್ ಶೆಟ್ಟಿ ಅಂಥವರೇ 2024ರಲ್ಲಿ ‘ಏಕಂ’ ಸರಣಿಗೆ ಓಟಿಟಿ ಸಿಗದೆ ಅದಕ್ಕೇ ಅಂತ ವೆಬ್‌ಸೈಟ್ ಮಾಡಿ ಬಿಡ್ಬೇಕಾಯ್ತು, ಇನ್ನು ಮೈಸೂರಲ್ಲಿ ಕೂತು ಸ್ನೇಹಿತರ ದುಡ್ಡು ಒಟ್ಟು ಹಾಕಿ ಸಿನಿಮಾ ಮಾಡಿರೋ ನಮ್ಮನ್ನ ಕೇಳೋರು ಯಾರು? ಅದು ಗೊತ್ತಿದ್ದೇ ಇವರು ಬರೋದು.

ಈ ಮನುಷ್ಯ ಬೆಂಗಳೂರಲ್ಲಿ ಒಂದು ಸ್ಕ್ರೀನಿಂಗ್ ಮುಗಿದ್ಮೇಲೆ ಬಂದು ಕೈ ಕುಲುಕಿದ. ಸಿನಿಮಾ ಪೂರ್ತಿ ನೋಡಿದ್ದ, ಅದನ್ನ ಒಪ್ಕೋತೀನಿ, ಯಾವ ಸೀನಲ್ಲಿ ಏನಿದೆ ಅಂತ ನಮಗೇ ಹೇಳ್ದ. ಗಾಂಧಿನಗರದಲ್ಲಿ ಆಫೀಸು, ಗೋಡೆ ತುಂಬ ಪೋಸ್ಟರ್ರು, ಕಾಫಿ, ಎಲ್ಲಾ ನೀಟು. ಕ್ಯೂಸಿ (ಚಿತ್ರ, ಸೌಂಡು ಸರಿ ಇದೆಯಾ ಅಂತ ನೋಡೋ ತಪಾಸಣೆ) ರಿಪೋರ್ಟು, ಸಬ್‌ಟೈಟಲ್ಲು, ಡೆಲಿವರಿ ಅಂತ 35,000 ಇಸ್ಕೊಂಡ, ಬಿಲ್ ಕೇಳಿದ್ರೆ ಕಳಿಸ್ತೀವಿ ಸರ್ ಅಂದ, ಇವತ್ತಿಗೂ ಬಂದಿಲ್ಲ. ಮಾಸ್ಟರ್, ಅಂದ್ರೆ ಸಿನಿಮಾದ ಮೂಲ ಕಾಪಿ, ಇರೋ ಹಾರ್ಡ್ ಡಿಸ್ಕನ್ನೂ ಅಲ್ಲೇ ಇಟ್ಕೊಂಡ.

ಅಗ್ರಿಮೆಂಟಲ್ಲಿ ಅವಧಿ ಅಂತ ಇದ್ದ ಕಡೆ ಗೀಟು, ಪ್ರದೇಶ ಅಂತ ಇದ್ದ ಕಡೆ ಗೀಟು. ಏನ್ ಸರ್ ಇದು ಅಂತ ಕೇಳಿದ್ವಿ. "ಪ್ಲಾಟ್‌ಫಾರ್ಮ್ ಫೈನಲ್ ಆಗ್ಲಿ ಸರ್, ಅವರು ಎಷ್ಟು ವರ್ಷಕ್ಕೆ ಕೇಳ್ತಾರೋ ನೋಡ್ಕೊಂಡು ತುಂಬೋಣ, ಈಗ್ಲೇ ಬರೆದ್ರೆ ಕೈ ಕಟ್ಟಾಕ್ಕೊಂಡಂಗೆ, ನಿಮಗೇ ಲಾಸು" ಅಂದ. ಎಷ್ಟು ಸಲೀಸಾಗಿ ಅಂದ ಗೊತ್ತಾ, ಯಾರಿಗಾದ್ರೂ ಸರಿ ಅನ್ಸುತ್ತೆ.

ಆಮೇಲೆ ಶುರುವಾಯ್ತು. "ಪ್ರೊಸೆಸ್ಸಲ್ಲಿದೆ ಸರ್." "ಮುಂಬೈ ಟೀಮ್ ನೋಡ್ತಿದೆ ಸರ್." "ಹಬ್ಬ ಮುಗೀಲಿ ಸರ್." ಬೇಡ ಬಿಡಿ, ಸಿನಿಮಾ ವಾಪಸ್ ಕೊಡಿ ಅಂದ್ರೆ "ಈಗ ಹಿಂದೆ ತಗೊಂಡ್ರೆ ನಿಮ್ಮ ಹೆಸರೇ ಹಾಳಾಗುತ್ತೆ ಸರ್."

ನಾವು ಸೈನ್ ಹಾಕಿ ವರ್ಷ ತುಂಬೋಕೆ ಇನ್ನೇನು ಸ್ವಲ್ಪ ದಿನ ಇದೆ ಅನ್ನುವಾಗ ನಮ್ಮ ಸೌಂಡ್ ಮಾಡಿದ ಹುಡುಗ ಒಂದು ಲಿಂಕ್ ಕಳಿಸ್ದ. "ಅಣ್ಣ, ನಮ್ ಸಿನಿಮಾ ರಿಲೀಸ್ ಆಯ್ತಾ? ಹೇಳ್ಲೇ ಇಲ್ವಲ್ಲ." ಯಾವುದೋ ಹೆಸರೇ ಕೇಳಿರದ ಆ್ಯಪ್ಪು. ಓಪನ್ ಮಾಡಿದ್ರೆ ನಮ್ಮ ಸಿನಿಮಾ, ಪೂರ್ತಿ. ಟೈಟಲ್ ಸ್ಪೆಲಿಂಗೇ ತಪ್ಪು, ಪೋಸ್ಟರಲ್ಲಿ ಅಜ್ಜಿ ಪಾತ್ರ ಮಾಡಿದವರ ಮುಖ ಅರ್ಧ ಕಟ್ಟು. ಕೊನೇಲಿ ಅಜ್ಜಿ ಬಾವಿ ಕಟ್ಟೆ ಮೇಲೆ ಸುಮ್ನೆ ಕೂತಿರೋ ಶಾಟ್ ಇದೆ, ಮಾತಿಲ್ಲ, ಮ್ಯೂಸಿಕ್ಕಿಲ್ಲ, ರಾಟೆ ಸದ್ದು ಮಾತ್ರ, ಆ ಸದ್ದಿಗೋಸ್ಕರ ಆ ಹುಡುಗ ರಾತ್ರಿಯೆಲ್ಲ ಬಾವಿ ಹತ್ರ ಕೂತಿದ್ದ, ಆ ಶಾಟ್ ಮಧ್ಯದಲ್ಲಿ ರಮ್ಮಿ ಆಡಿ ದುಡ್ಡು ಗೆಲ್ಲಿ ಅಂತ ಜಾಹೀರಾತು. ಹೊಟ್ಟೆ ಉರಿದು ಹೋಯ್ತು. ಆ ಹುಡುಗನಿಗೆ ಏನಂತ ಉತ್ತರ ಕೊಡೋದು? ನೀನಾಸಂನಲ್ಲಿ ಕಲಿತು ಬಂದ ಕಲಾವಿದರು ಬರೀ ಊಟ, ಬಸ್ ಚಾರ್ಜಲ್ಲಿ ಕೆಲಸ ಮಾಡಿ ಕೊಟ್ಟಿದ್ರು, ಅವರಿಗೆ ಮುಖ ತೋರಿಸೋದು ಹೇಗೆ?

ಫೋನ್ ಮಾಡಿದ್ರೆ ಆ ಕಡೆಯಿಂದ ಬಂದ ಮಾತು ಕೇಳಿ. "ಎಕ್ಸ್‌ಪೋಷರ್ ಸಿಗ್ತಿದೆಯಲ್ಲ ಸರ್." ದುಡ್ಡು? "ಕ್ವಾರ್ಟರ್ ಕ್ಲೋಸ್ ಆದ್ಮೇಲೆ ಸ್ಟೇಟ್‌ಮೆಂಟ್ ಬರುತ್ತೆ." ಹಾರ್ಡ್ ಡಿಸ್ಕ್? "ಕ್ಯೂಸಿ ಟೀಮ್ ಹತ್ರ ಇದೆ." ನಾನು ದನಿ ಏರಿಸಿದಾಗ ಅವನ ನಿಜವಾದ ಬಣ್ಣ ಬಂತು: "ನಿಮ್ ಸಿನಿಮಾನ ಇನ್ಯಾರ್ ತಗೋತಿದ್ರು ಹೇಳಿ? ನಾವಾದ್ರೂ ಹಾಕಿದೀವಿ. ಅಗ್ರಿಮೆಂಟ್ ಓದ್ಕೊಳ್ಳಿ." ಅದೇ ಬಾಯಲ್ಲಿ ಆವತ್ತು ಈ ಸಿನಿಮಾ ಜಗತ್ತು ನೋಡ್ಬೇಕು ಅಂದಿದ್ದ.

ವಕೀಲರು ಅಗ್ರಿಮೆಂಟ್ ನೋಡಿ ಹೇಳಿದ್ದು ಕೇಳಿ ತಲೆ ತಿರುಗ್ತು. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದು ಕೊಡುವಾಗ ಅವಧಿ ಹಾಕದೇ ಇದ್ರೆ ಅದು 5 ವರ್ಷ ಅಂತಲೇ ಲೆಕ್ಕ, ಪ್ರದೇಶ ಹಾಕದೇ ಇದ್ರೆ ಇಡೀ ಭಾರತ. ಖಾಲಿ ಬಿಟ್ರೆ ನಾವು ಫ್ರೀ ಅಲ್ಲ, ಅವನ ಕೈಗೆ 5 ವರ್ಷ ಕೊಟ್ಟಂಗೆ! ಅದೇ ಸೆಕ್ಷನ್ನಲ್ಲಿ ಇನ್ನೊಂದಿದೆ, ಬೇರೆ ಥರ ಬರೆದಿಲ್ದಿದ್ರೆ, ಹಕ್ಕು ತಗೊಂಡೋನು ಒಂದು ವರ್ಷದೊಳಗೆ ಅದನ್ನ ಬಳಸದೇ ಇದ್ರೆ ಆ ಹಕ್ಕು ತಾನಾಗೇ ಬಿದ್ದು ಹೋಗುತ್ತೆ. ಈಗ ಗೊತ್ತಾಯ್ತಾ ಸರಿಯಾಗಿ ವರ್ಷ ತುಂಬೋ ಮುಂಚೆ ಆ ಆ್ಯಪ್ಪಿಗೆ ಯಾಕೆ ಹಾಕ್ದ ಅಂತ? ನನಗಂತೂ ಆ ಕ್ಷಣ ಮೈಯೆಲ್ಲ ಉರೀತು. ವರ್ಷವಿಡೀ ಪ್ರೊಸೆಸ್ಸು ಪ್ರೊಸೆಸ್ಸು ಅಂತ ನಮ್ಮನ್ನ ಕಾಯಿಸ್ತಾ ಅವನು ಕ್ಯಾಲೆಂಡರ್ ನೋಡ್ತಿದ್ದ. ಆನ್‌ಲೈನಲ್ಲಿ ಬಂದ ಸಿನಿಮಾನ ಎಷ್ಟೋ ಫೆಸ್ಟಿವಲ್‌ಗಳು ತಗೊಳ್ಳಲ್ಲ, ದೊಡ್ಡ ಓಟಿಟಿಗಳಂತೂ ತಿರುಗಿಯೂ ನೋಡಲ್ಲ. ಎರಡೂ ಬಾಗಿಲು ಮುಚ್ಚಿಸ್ದ.

ಅವಧಿ, ಪ್ರದೇಶ, ಯಾವ ಪ್ಲಾಟ್‌ಫಾರ್ಮ್, ಎಲ್ಲಾ ಅಕ್ಷರದಲ್ಲಿ ಬರೆಸಿ. ನಮ್ಮ ಒಪ್ಪಿಗೆ ಬರಹದಲ್ಲಿ ಇಲ್ದೆ ಎಲ್ಲೂ ಹಾಕೋ ಹಾಗಿಲ್ಲ ಅಂತ ಸೇರಿಸಿ, ಅದಕ್ಕೆ ಒಪ್ಪದೇ ಇದ್ರೆ ಎದ್ದು ಬನ್ನಿ. ದುಡ್ಡು ಅಕೌಂಟಿಗೆ ಬೀಳೋವರೆಗೂ ಮಾಸ್ಟರ್ ಕೊಡ್ಬೇಡಿ, ನೋಡೋಕೆ ವಾಟರ್‌ಮಾರ್ಕ್ ಇರೋ ಲಿಂಕ್ ಸಾಕು. ಮಾರಿಸಿ ಕೊಡೋನು ಕಮಿಷನ್ ತಗೋಬೇಕು, ಮುಂಗಡ ಕೇಳಿದ್ರೆ ಅಲ್ಲೇ ಅನುಮಾನ ಪಡಿ. ಹಕ್ಕು ಬರೆದು ಕೊಡೋ ಮುಂಚೆ ಒಬ್ಬ ವಕೀಲರಿಗೆ ತೋರ್ಸಿ, ಅವರ ಫೀಸು ನಾವು ಕಳ್ಕೊಂಡಿದ್ದಕ್ಕಿಂತ ಕಮ್ಮಿ.

ನಾವು ನೋಟಿಸ್ ಕಳಿಸಿದೀವಿ. ಗಾಂಧಿನಗರದಲ್ಲಿ ಇದೇ ಥರ ಗೀಟು ಎಳೆದ ಅಗ್ರಿಮೆಂಟಿಗೆ ಸೈನ್ ಹಾಕಿರೋರು ಇದ್ರೆ ಮೊದಲು ತಾರೀಖು ನೋಡಿ, ವರ್ಷ ತುಂಬಿಲ್ಲ ಅಂದ್ರೆ ಇವತ್ತೇ ವಕೀಲರ ಹತ್ರ ಹೋಗಿ, ನಾಳೆಗೆ ಇಡ್ಬೇಡಿ.