ಬನಶಂಕರಿಯ ಒಂದು ಹೋಟೆಲ್: ದೋಸೆ ತುಂಬಾ ಚೆನ್ನಾಗಿದೆ, ಭಾನುವಾರ ಮಾತ್ರ ಬೇಡ

ಬನಶಂಕರಿ ಎರಡನೇ ಹಂತದಲ್ಲಿ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಫ್ಯಾಮಿಲಿ ಹೋಟೆಲ್ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬೇಕಂತಲೇ ಹಾಕಿಲ್ಲ. ಅಲ್ಲಿ ಕೆಲಸ ಮಾಡುವ ಒಬ್ಬ ಹುಡುಗನಿಗೆ ನನ್ನಿಂದ ತೊಂದರೆ ಆಗಬಾರದು.

ಮೊದಲು ತಿಂಡಿ ವಿಷಯ. ಮಸಾಲೆ ದೋಸೆ 95 ರೂಪಾಯಿ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಪಲ್ಯದಲ್ಲಿ ಈರುಳ್ಳಿ ಸರಿಯಾಗಿ ಬೆಂದಿರುತ್ತದೆ. ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ ಜಾಸ್ತಿ ಇಲ್ಲ, ಹಾಗಾಗಿ ಬೆಣ್ಣೆಯ ರುಚಿ ನಾಲಿಗೆಗೆ ಸಿಗುತ್ತದೆ. ಖಾರಾಬಾತ್ ಪರವಾಗಿಲ್ಲ. ಕೇಸರಿಬಾತ್‌ಗೆ ಬಣ್ಣ ಕಡಿಮೆ ಹಾಕಿದರೆ ಇನ್ನೂ ಚೆನ್ನ. ಕಾಫಿ 35 ರೂಪಾಯಿ, ಡಿಕಾಕ್ಷನ್ ಗಟ್ಟಿ, ಲೋಟ ಹಿಡಿಯಲಾರದಷ್ಟು ಬಿಸಿ. ಈ ಬಿಸಿಯ ಮಾತನ್ನು ನೆನಪಿಟ್ಟುಕೊಳ್ಳಿ.

ನಮ್ಮಪ್ಪ ಕುಂದಾಪುರದ ಕಡೆಯಿಂದ ಬಂದು ಬೆಂಗಳೂರಿನ ಹೋಟೆಲುಗಳಲ್ಲಿ 31 ವರ್ಷ ಸಪ್ಲೈಯರ್ ಆಗಿದ್ದವರು. ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಇವತ್ತಿಗೂ ನೋಡಬಹುದು, ಸಪ್ಲೈಯರ್‌ಗಳು ಒಂದೇ ಕೈಮೇಲೆ ಭುಜದವರೆಗೆ ದೋಸೆ ತಟ್ಟೆಗಳನ್ನು ಜೋಡಿಸಿಕೊಂಡು ಬರುತ್ತಾರೆ. 1943ರಲ್ಲಿ ಶುರುವಾದ ಹೋಟೆಲ್ ಅದು. ಜನ ಅದನ್ನು ನೋಡಿ ಫೋಟೋ ತೆಗೆಯುತ್ತಾರೆ. ನಾನು ನೋಡುವುದು ಅವರ ಪಾದವನ್ನು. ಅಷ್ಟು ತಟ್ಟೆ ಹೊತ್ತವನಿಗೆ ತನ್ನ ಕಾಲ ಬುಡದಲ್ಲಿ ಏನಿದೆ ಅಂತ ಕಾಣುವುದಿಲ್ಲ. ದಾರಿ ಖಾಲಿ ಇರುತ್ತದೆ ಅಂತ ನಂಬಿಕೊಂಡೇ ಅವನು ಹೆಜ್ಜೆ ಇಡುವುದು. ಅಪ್ಪ ಮನೆಯಲ್ಲಿ ನಮ್ಮನ್ನು ಯಾವುದಕ್ಕೂ ಹೆಚ್ಚು ಗದರುತ್ತಿರಲಿಲ್ಲ. ಆದರೆ ಒಲೆಯಿಂದ ಊಟದ ಜಾಗಕ್ಕೆ ಅಮ್ಮ ಸಾರಿನ ಪಾತ್ರೆ ತರುವಾಗ ಯಾರಾದರೂ ಅಡ್ಡ ಓಡಿದರೆ ಆ ದಿನ ಬೈಗುಳ ಗ್ಯಾರಂಟಿ.

ಕಳೆದ ತಿಂಗಳ ಒಂದು ಭಾನುವಾರ ನಾನು, ನಮ್ಮ ಯಜಮಾನರು ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿಗೆ ಹೋದೆವು. ಬಾಗಿಲಲ್ಲಿ ಹೆಸರು ಬರೆಸಿ 35 ನಿಮಿಷ ಕಾದ ಮೇಲೆ ಜಾಗ ಸಿಕ್ಕಿತು. ನಮ್ಮ ಪಕ್ಕದಲ್ಲಿ ಎರಡು ಟೇಬಲ್ ಸೇರಿಸಿ ಎರಡು ಸಂಸಾರ ಕೂತಿತ್ತು. ದೊಡ್ಡವರು ಐದು ಜನ, ಮಕ್ಕಳು ನಾಲ್ಕು. ದೊಡ್ಡ ಹುಡುಗಿಗೆ ಎಂಟು ವರ್ಷ ಇರಬಹುದು, ಕೊನೆಯವನಿಗೆ ನಾಲ್ಕೋ ಐದೋ.

ಮೊದಮೊದಲು ಸಣ್ಣಪುಟ್ಟದ್ದು. ಉಪ್ಪಿನ ಡಬ್ಬಿ ಟೇಬಲ್ ಮೇಲೆ ಬೋರಲು ಬಿತ್ತು. ಗಲ್ಲಾ ಹತ್ತಿರದ ಸೋಂಪಿನ ಬಟ್ಟಲಿಗೆ ಒಬ್ಬ ಸಾಂಬಾರ್ ಕೈ ಹಾಕಿದ. ಇನ್ನೊಬ್ಬ ನಮ್ಮ ಟೇಬಲ್ ಕೆಳಗೆ ತೂರಿ ನನ್ನ ಸೀರೆಯ ನೆರಿಗೆ ಎಳೆದ. ನಾನು ಬಗ್ಗಿ, "ಏನೋ ಪುಟ್ಟ, ಇಲ್ಲೇನು ಹುಡುಕ್ತಾ ಇದ್ದೀಯಾ?" ಅಂತ ಕೇಳಿದೆ. ನಕ್ಕು ಓಡಿಹೋದ. ಮುದ್ದಾದ ಮಗು. ನನಗೆ ಸಿಟ್ಟು ಬರಲಿಲ್ಲ. ಆಮೇಲೆ ಕೈ ತೊಳೆಯುವ ಜಾಗದಿಂದ ಬಾಗಿಲಿನವರೆಗೆ ಓಟದ ಆಟ ಶುರುವಾಯಿತು. ಅಲ್ಲಿ ನೆಲ ಯಾವಾಗಲೂ ಒದ್ದೆ. ಅಡುಗೆಮನೆಯಿಂದ ತಟ್ಟೆಗಳು ಹೊರಗೆ ಬರುವುದೂ ಅದೇ ದಾರಿಯಲ್ಲಿ.

ತಾಯಂದಿರಲ್ಲಿ ಒಬ್ಬರು ಕೂತಲ್ಲಿಂದಲೇ ಕೂಗುತ್ತಿದ್ದರು, "ಪುಟ್ಟಾ, ಓಡಬೇಡ. ನೋಡು, ಅಂಕಲ್ ಬೈತಾರೆ." ಅಂಕಲ್ ಅಂದರೆ ಸಪ್ಲೈಯರ್ ಹುಡುಗ. ಈ ಮಾತು ಬೆಂಗಳೂರಿನ ಎಲ್ಲ ಕಡೆ ಕೇಳುತ್ತೇನೆ. ಬಸ್ಸಲ್ಲಿ ಕಂಡಕ್ಟರ್ ಬೈತಾರೆ, ಆಸ್ಪತ್ರೆಯಲ್ಲಿ ಡಾಕ್ಟರ್ ಸೂಜಿ ಚುಚ್ತಾರೆ, ಪಾರ್ಕಲ್ಲಿ ವಾಚ್‌ಮನ್ ಹಿಡ್ಕೊಂಡು ಹೋಗ್ತಾರೆ. ಮಗುವಿಗೆ ಬೇಡ ಅಂತ ಹೇಳಬೇಕಾದವರು ಅಪ್ಪ ಅಮ್ಮ ಅಲ್ವಾ? ಆ ಕೆಲಸವನ್ನು ಗುರುತಿಲ್ಲದವರ ತಲೆಗೆ ಯಾಕೆ ಕಟ್ಟಬೇಕು? ಸಪ್ಲೈಯರ್ ಬೈಯುವುದಿಲ್ಲ ಅಂತ ಮಗುವಿಗೆ ಎರಡನೇ ಸುತ್ತಿಗೇ ಗೊತ್ತಾಗುತ್ತದೆ. ಅವನು ನಿಜವಾಗಿ ಬೈದರೆ ಇದೇ ತಾಯಿ ಸುಮ್ಮನಿರುವುದಿಲ್ಲ.

ಅಷ್ಟರಲ್ಲಿ ಆ ಹುಡುಗ ಆರು ಕಾಫಿಯ ಟ್ರೇ ಹಿಡಿದು ಒಳಗಿಂದ ಬಂದ. ಬಾಗಲಕೋಟೆ ಕಡೆಯವನು, ಇಪ್ಪತ್ತು ದಾಟಿರಲಿಕ್ಕಿಲ್ಲ. ಕೊನೆಯ ಮಗು ಹಿಂದೆ ನೋಡಿಕೊಂಡು ಓಡುತ್ತಾ ನೇರವಾಗಿ ಅವನ ಮೊಣಕಾಲಿಗೇ ಬಂತು. ಅವನು ಟ್ರೇಯನ್ನು ತನ್ನ ಕಡೆಗೆ ವಾಲಿಸಿಕೊಂಡ. ಯೋಚನೆ ಮಾಡಲು ಸಮಯ ಇರಲಿಲ್ಲ, ಆದರೂ ತನ್ನ ಕಡೆಗೇ ವಾಲಿಸಿಕೊಂಡ. ನಾಲ್ಕು ಲೋಟ ಕಾಫಿ ಅವನ ಎಡಗೈ ಮೇಲೆ, ಅಂಗಿ ಮೇಲೆ ಚೆಲ್ಲಿತು. ಮಗುವಿಗೆ ಒಂದು ಹನಿಯೂ ತಾಗಲಿಲ್ಲ. ಶಬ್ದಕ್ಕೆ ಹೆದರಿ ಅಳತೊಡಗಿತು.

ಅಷ್ಟು ಹೊತ್ತು ಫೋನ್ ನೋಡುತ್ತಿದ್ದ ತಂದೆ ಆಗ ಮೊದಲ ಸಲ ಎದ್ದರು. "ಕಣ್ಣು ಕಾಣಲ್ವಾ ನಿಂಗೆ? ಮಗು ಮೇಲೆ ಬಿದ್ದಿದ್ರೆ ಏನೋ ಗತಿ?" ಗಲ್ಲಾದಿಂದ ಮಾಲೀಕರು ಓಡಿ ಬಂದರು. ಅವರು ಹುಡುಗನ ಕೈ ನೋಡಲಿಲ್ಲ. "ಸಾರಿ ಸರ್, ಹೊಸ ಹುಡುಗ" ಅಂದರು. ಅವನ ಕಡೆ ತಿರುಗಿ, "ಸಾರಿ ಹೇಳೋ" ಅಂದರು. ಅವನು ಕೈಯನ್ನು ಎದೆಗೆ ಒತ್ತಿಕೊಂಡು, "ತಪ್ಪಾತ್ರೀ ಸರ" ಅಂದ.

ನನ್ನ ದೋಸೆ ಅರ್ಧಕ್ಕೇ ನಿಂತಿತು. ನಮ್ಮಪ್ಪ ಹೀಗೆ ಎಷ್ಟು ಸಲ ಹೇಳಿರಬಹುದು ಅಂತ ಮನಸ್ಸಿಗೆ ಬಂತು. ಮನೆಗೆ ಬಂದು ನಮಗೆ ಒಮ್ಮೆಯೂ ಹೇಳಲಿಲ್ಲ.

ಎದ್ದು ಹೋಗಿ ಆ ಹುಡುಗನ ಕೈಯನ್ನು ನಲ್ಲಿ ಕೆಳಗೆ ಹಿಡಿಸಿದೆ. ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯ ಆಫೀಸಿನಲ್ಲಿ 22 ವರ್ಷ ಇದ್ದವಳು. ಇಸ್ತ್ರಿ ವಿಭಾಗದಲ್ಲಿ ಕೈ ಸುಟ್ಟುಕೊಳ್ಳುವುದು ಮಾಮೂಲಿ, ಅದಕ್ಕೇ ನಮಗೆಲ್ಲ ಪ್ರಥಮ ಚಿಕಿತ್ಸೆ ಕಲಿಸಿದ್ದರು. ಅಡುಗೆಮನೆಯಿಂದ ಒಬ್ಬರು ಟೂತ್‌ಪೇಸ್ಟ್ ತಂದರು. ಇನ್ನೊಬ್ಬರು ಐಸ್ ತಂದರು. ಎರಡೂ ಬೇಡ ಅಂದೆ. ಸುಟ್ಟ ಜಾಗಕ್ಕೆ ಹರಿಯುವ ತಣ್ಣನೆಯ ನಲ್ಲಿ ನೀರು, 20 ನಿಮಿಷ. ಪೇಸ್ಟ್, ಕಾಫಿಪುಡಿ, ಬೆಣ್ಣೆ ಯಾವುದನ್ನೂ ಹಚ್ಚಬಾರದು. ಬೊಬ್ಬೆ ಬಂದರೆ ಒಡೆಯಬಾರದು. ಮಾಲೀಕರು ಎರಡು ಸಲ ಬಂದು ಗಡಿಯಾರ ನೋಡಿ ಹೋದರು. ನಾನು ಕದಲಲಿಲ್ಲ. "ಏನಾಗಿಲ್ರೀ ಅಕ್ಕಾರ, ಬಿಡ್ರಿ" ಅಂತ ಅವನು ಹೇಳುತ್ತಲೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಕೂಸಿನ ಮ್ಯಾಲ ಬಿದ್ದಿದ್ರ ಏನ್ ಮಾಡ್ಬೇಕಿತ್ರೀ" ಅಂದ.

ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಆ ತಂದೆ ತಾಯಿಗೆ ಯಾರಾದರೂ ಹೇಳಬೇಕಿತ್ತು. 60 ಡಿಗ್ರಿ ಬಿಸಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು 5 ಸೆಕೆಂಡು ಸಾಕು. ಚಿಕ್ಕ ಮಕ್ಕಳಿಗೆ ಅಷ್ಟೂ ಬೇಡ, ಅವರ ಚರ್ಮ ತೆಳು. ಹೋಟೆಲ್ ಕಾಫಿಗೆ ಹಾಕುವ ಹಾಲು ಒಲೆ ಮೇಲೆ ಕುದಿಯುತ್ತಲೇ ಇರುತ್ತದೆ. ಸಾಂಬಾರ್ ಇನ್ನೂ ಕೆಟ್ಟದ್ದು, ಗಟ್ಟಿಯಾಗಿ ಮೈಗೆ ಅಂಟಿಕೊಳ್ಳುತ್ತದೆ. ಟ್ರೇ ಇರುವುದು ದೊಡ್ಡವರ ಎದೆಯ ಎತ್ತರದಲ್ಲಿ, ಅಂದರೆ ನಾಲ್ಕು ವರ್ಷದ ಮಗುವಿನ ತಲೆಯ ಮೇಲೆ. ಬಿದ್ದರೆ ಮುಖದ ಮೇಲೇ ಬೀಳುವುದು.

ಒಂದು ವಿಷಯ ಗಮನಿಸಿ. ದರ್ಶಿನಿಗಳಲ್ಲಿ ಈ ತೊಂದರೆ ನಾನು ಹೆಚ್ಚು ಕಂಡಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ನಿಂತು ತಿನ್ನುವ ಹೋಟೆಲುಗಳು ಊರು ತುಂಬಾ ಬಂದವು. ಅಲ್ಲಿ ನಮ್ಮ ಬಿಸಿ ತಟ್ಟೆಯನ್ನು ನಾವೇ ಹೊರಬೇಕು. ಆಗ ಪ್ರತಿ ತಾಯಿಯೂ ಮಗುವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ, ಇಲ್ಲಾಂದರೆ ಗಂಡನನ್ನು ಕೌಂಟರಿಗೆ ಕಳಿಸಿ ತಾನು ಮಗುವಿನ ಜೊತೆ ಪಕ್ಕಕ್ಕೆ ನಿಲ್ಲುತ್ತಾಳೆ. ಬೇರೆಯವರು ತಂದುಕೊಡುವ ಕಡೆ ಮಾತ್ರ ಆ ಎಚ್ಚರ ಹೋಗಿಬಿಡುತ್ತದೆ.

ಮಕ್ಕಳನ್ನು ಹೋಟೆಲಿಗೆ ಕರೆತರಬೇಡಿ ಅಂತ ನಾನು ಹೇಳುತ್ತಿಲ್ಲ. ಕರೆತರಲೇಬೇಕು. ನಮ್ಮ ಮಗಳೂ ಹೋಟೆಲಿನಲ್ಲೇ ದೋಸೆ ತಿನ್ನಲು ಕಲಿತದ್ದು. ಅವಳು ಚಿಕ್ಕವಳಿದ್ದಾಗ ಕೂರುವುದು ಹೆಚ್ಚೆಂದರೆ ಹದಿನೈದು ನಿಮಿಷ. ಆಮೇಲೆ ನಾವು ಸರದಿ ಮಾಡುತ್ತಿದ್ದೆವು. ಒಬ್ಬರು ತಿನ್ನುವಾಗ ಇನ್ನೊಬ್ಬರು ಅವಳನ್ನು ಎತ್ತಿಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ. ಕಾವಲಿ ಮೇಲೆ ನೀರು ಚುಮುಕಿಸಿ ಪೊರಕೆಯಲ್ಲಿ ಗುಡಿಸುವುದು, ಚೊಯ್ಯ್ ಅಂತ ಹಬೆ ಏಳುವುದು, ಸೌಟಿನಲ್ಲಿ ಹಿಟ್ಟನ್ನು ಸುತ್ತುವುದು, ಇಷ್ಟು ಸಾಕಿತ್ತು. ಎಷ್ಟು ದೋಸೆ ಆಯಿತು ಅಂತ ಎಣಿಸುತ್ತಾ ನಿಲ್ಲುತ್ತಿದ್ದಳು. ಅವಳು ಇಪ್ಪತ್ತರವರೆಗೆ ಎಣಿಸಲು ಕಲಿತದ್ದು ಶಾಲೆಯಲ್ಲಲ್ಲ, ಆ ಕಿಟಕಿಯಲ್ಲಿ. ಅದೇ ಭಾನುವಾರ ಮೂಲೆಯ ಟೇಬಲ್‌ನಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಗೋಡೆಯ ಕಡೆ ಕೂರಿಸಿ, ತಾವು ದಾರಿಯ ಕಡೆ ಕೂತಿದ್ದರು. ಇಡ್ಲಿಯನ್ನು ಚಂದ್ರನ ಹಾಗೆ ಕತ್ತರಿಸಿ ಕೊಡುತ್ತಿದ್ದರು. ಆ ಹುಡುಗನೂ ಗಲಾಟೆ ಮಾಡಿದ, ಚಮಚ ಬಡಿದ. ಅಜ್ಜಿ ಚಮಚ ತೆಗೆದಿಟ್ಟರು, ಅವನು ಅತ್ತ, ಎರಡು ನಿಮಿಷಕ್ಕೆ ಸರಿಹೋದ.

ಹೋಟೆಲಿನ ತಪ್ಪೂ ಇದೆ. ಹಸಿದ ಮಗುವನ್ನು ಅಷ್ಟು ಹೊತ್ತು ಕಾಯಿಸಿ, ಕೂತ ಮೇಲೆ ಮತ್ತೆ ಇಪ್ಪತ್ತು ನಿಮಿಷ ಕಾಯಿಸಿದರೆ ಅದು ಓಡದೆ ಇನ್ನೇನು ಮಾಡುತ್ತದೆ? ಮಗು ಕಂಡ ಕೂಡಲೇ ಒಂದು ಬಿಸಿ ಆರಿದ ಇಡ್ಲಿ ತಂದಿಡಬಹುದು. ಕೈ ತೊಳೆಯುವ ದಾರಿಯನ್ನೂ ಟ್ರೇ ಬರುವ ದಾರಿಯನ್ನೂ ಬೇರೆ ಮಾಡಬಹುದು. ಜಾಗ ಇದೆ, ಎರಡು ಟೇಬಲ್ ಸರಿಸಿದರೆ ಸಾಕು.

ಆಮೇಲೆ ಒಂದು ಬುಧವಾರ ಬೆಳಿಗ್ಗೆ ಏಳೂವರೆಗೆ ಮತ್ತೆ ಹೋದೆ. ಹೋಟೆಲ್ ಶಾಂತವಾಗಿತ್ತು, ದೋಸೆ ಆರು ನಿಮಿಷಕ್ಕೆ ಬಂತು. ಮಾಲೀಕರ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ತಾಳ್ಮೆಯಿಂದ ಕೇಳಿಸಿಕೊಂಡರು. "ಏನ್ ಮಾಡೋದಮ್ಮ, ಮಕ್ಕಳನ್ನ ಕೂರಿಸ್ಕೊಳ್ಳಿ ಅಂದ್ರೆ ಒಂದು ಸ್ಟಾರ್ ಕೊಟ್ಟು ಹೋಗ್ತಾರೆ" ಅಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಬಾಡಿಗೆ, ಗ್ಯಾಸ್, ಸಂಬಳ ಎಲ್ಲ ಏರಿದೆ. ಆದರೆ ಆ ಭಯದ ಭಾರ ಹುಡುಗನ ಕೈಮೇಲೆ ಬೀಳಬಾರದು. "ನೀವು ಮಕ್ಕಳನ್ನು ಕೂರಿಸಿಕೊಳ್ಳಿ ಅಂತ ಹೇಳಿದ ದಿನ ಐದು ಸ್ಟಾರ್ ನಾನು ಕೊಡುತ್ತೇನೆ, ನಮ್ಮ ಬೀದಿಯವರ ಹತ್ತಿರವೂ ಕೊಡಿಸುತ್ತೇನೆ" ಅಂದೆ. ನಿಜವಾಗಿಯೂ ಕೊಡಿಸುತ್ತೇನೆ.

ಈಗ ಕೊಡುತ್ತಿರುವುದು ಐದರಲ್ಲಿ ಮೂರು. ಹೋದ ಎರಡು ಸ್ಟಾರ್ ಮಕ್ಕಳಿಂದ ಹೋದದ್ದಲ್ಲ. "ಹೊಸ ಹುಡುಗ" ಅಂದ ಆ ಮಾತಿಗೆ ಹೋದದ್ದು. ಅವನು ಅಲ್ಲಿಗೆ ಬಂದು ಎರಡು ವರ್ಷ ಆಗಿದೆಯಂತೆ. ನಲ್ಲಿಯ ಹತ್ತಿರ ಅವನೇ ಹೇಳಿದ.

ಹೋಗುವುದಾದರೆ ವಾರದ ದಿನ ಎಂಟರ ಒಳಗೆ ಹೋಗಿ. ಮಕ್ಕಳಿದ್ದರೆ ಎಡಗಡೆ ಗೋಡೆಯ ಬದಿಯ ಬೆಂಚು ಕೇಳಿ, ಅಲ್ಲಿಂದ ಕಾವಲಿ ಚೆನ್ನಾಗಿ ಕಾಣುತ್ತದೆ. ಹುಡುಗನ ಕೈಯಲ್ಲಿ ಬೊಬ್ಬೆ ಒಣಗಿದೆ, ಮೊಣಕೈ ಕೆಳಗೆ ಅಂಗೈಯಷ್ಟು ಅಗಲ ಕಪ್ಪು ಕಲೆ ಉಳಿದಿದೆ. ಬುಧವಾರ ನನ್ನ ಕಾಫಿ ತಂದವನೂ ಅವನೇ. ಲೋಟವನ್ನು ಟೇಬಲ್ಲಿನ ಒಳಗಡೆಗೆ, ಅಂಚಿನಿಂದ ದೂರ ಇಟ್ಟು, "ಬಿಸಿ ಐತ್ರೀ ಅಕ್ಕಾರ, ಹುಷಾರ" ಅಂದ.