ಹಳೇ ಮ್ಯಾಸಿ 35: ನಾಲ್ಕು ಸಿಲಿಂಡರೋ, ಮೂರೋ?

ಹಳೇ ಮ್ಯಾಸಿ ಫರ್ಗ್ಯುಸನ್ 35 ಟ್ರ್ಯಾಕ್ಟರ್ ಕೊಳ್ಳಲು ಹುಡುಕಿದರೆ ಡೀಸೆಲ್‌ನಲ್ಲಿ ಎರಡು ಬಗೆ ಸಿಗುತ್ತವೆ. ಹಳೆಯದು 4 ಸಿಲಿಂಡರಿನದು, ಆಮೇಲಿನದು ಪರ್ಕಿನ್ಸ್ ಕಂಪನಿಯ 3 ಸಿಲಿಂಡರ್ ಎಂಜಿನ್ ಇರುವುದು. ಒಂದು ಸಿಲಿಂಡರ್ ಜಾಸ್ತಿ ಇದೆ ಅಂತ ಸುಮ್ನೆ ಮನಸೋಲಬೇಡಿ. ಚಳಿಯಲ್ಲಿ 4 ಸಿಲಿಂಡರ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಅದಕ್ಕೇ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವಷ್ಟರಲ್ಲಿ ಎಂಜಿನ್ ಬೆಚ್ಚಗಿದ್ದರೆ ಅನುಮಾನ ಬರಬೇಕು, ಅಲ್ವಾ?

ಪರ್ಕಿನ್ಸ್ ಬೇಗ ಸ್ಟಾರ್ಟ್ ಆಗುತ್ತದೆ, ಬಿಡಿಭಾಗಕ್ಕೂ ಅಷ್ಟು ಅಲೆಯಬೇಕಿಲ್ಲ. ಆದರೂ ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಹಿಂದೆ ಉಪಕರಣ ಎತ್ತುವ ಲಿಫ್ಟ್ ಅನ್ನು ಎರಡರಲ್ಲೂ ಪರೀಕ್ಷಿಸಿ: ಎತ್ತಿದ ಭಾರ ಮೇಲೆ ಕೆಳಗೆ ತೂಗಾಡಿದರೆ ಹೈಡ್ರಾಲಿಕ್ ಸೋರುತ್ತಿರಬಹುದು.

ನನ್ನನ್ನು ಕೇಳಿದರೆ, ಹೊಸ ಬಣ್ಣ ಬಳಿದ 4 ಸಿಲಿಂಡರಿಗಿಂತ ತುಕ್ಕು ಹಿಡಿದ ಪರ್ಕಿನ್ಸೇ ವಾಸಿ.