ಪೋರ್ಟ್ಸ್‌ಮತ್‌ನಲ್ಲಿ ಅರ್ಧ ದಿನ: ಮೇರಿ ರೋಸೋ, ವಿಕ್ಟರಿಯೋ?

ಹಾಯಿಹಡಗಿನವರು ಹೇಗೆ ದೀಪ ಹಚ್ಚುತ್ತಿದ್ದರು, ಉಣ್ಣುತ್ತಿದ್ದರು, ಮಲಗುತ್ತಿದ್ದರು ಎಂದು ನೋಡುವ ಆಸೆ. ಕೈಯಲ್ಲಿ ಅರ್ಧ ದಿನ ಮಾತ್ರ. ಮೇರಿ ರೋಸ್, ವಿಕ್ಟರಿ ಎಂಬ ಇಂಗ್ಲೆಂಡಿನ ಈ ಎರಡೂ ಹಳೆಯ ಯುದ್ಧಹಡಗುಗಳು ಪೋರ್ಟ್ಸ್‌ಮತ್‌ನ ಒಂದೇ ಹಡಗುಕಟ್ಟೆಯಲ್ಲಿವೆ.

ಸಾಮಾನು ನೋಡಬೇಕೆಂದರೆ ಮೇರಿ ರೋಸ್. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಈ ಹಡಗಿನ 19,000ಕ್ಕೂ ಹೆಚ್ಚು ವಸ್ತುಗಳನ್ನು ಕಡಲತಳದ ಕೆಸರೇ ಕಾಪಾಡಿತ್ತು. ಮರದ ಲಾಂದ್ರಕ್ಕೆ ಗಾಜಿನ ಬದಲು ಬೆಳಕು ಹಾಯುವಷ್ಟು ತೆಳುವಾದ ಕೊಂಬಿನ ಹಾಳೆ. ಊಟದ ಮರದ ಬಟ್ಟಲುಗಳ ಮೇಲೆ ಒಡೆಯರು ಗೀಚಿದ ಗುರುತುಗಳು. ನಮ್ಮಲ್ಲಿ ಸ್ಟೀಲ್ ಪಾತ್ರೆಗೆ ಹೆಸರು ಕೊರೆಸುವುದಿಲ್ಲವೇ, ಹಾಗೆ! ಸೀರಣಿಗೆಯ ಹಲ್ಲುಗಳ ನಡುವೆ ಹೇನಿನ ಅವಶೇಷ ಕೂಡ ಸಿಕ್ಕಿದೆ. ಆದರೆ ಹಡಗಿನ ಒಡಲು ಅರ್ಧವೂ ಉಳಿದಿಲ್ಲ.

1765ರಲ್ಲಿ ನೀರಿಗಿಳಿದ ವಿಕ್ಟರಿಯ ಒಳಗೆ ತಲೆ ಬಗ್ಗಿಸಿಕೊಂಡು ಓಡಾಡಬಹುದು. ಫಿರಂಗಿಗಳ ನಡುವೆಯೇ ಊಟದ ಮೇಜು, ಮೇಲೆ ಮಲಗುವ ಜೋಲಿ. ಸಿಡಿಮದ್ದಿನ ಕೋಣೆಗೆ ಕಿಡಿ ಹಾರದಂತೆ ಪಕ್ಕದ ಪುಟ್ಟ ಕೋಣೆಯಲ್ಲಿ ದೀಪವಿಟ್ಟು, ಗಾಜಿನ ಕಿಟಕಿಯ ಮೂಲಕ ಬೆಳಕು ಬಿಡುತ್ತಿದ್ದ ಉಪಾಯವೊಂದೇ ಸಾಕು, ಟಿಕೆಟ್ ಹಣ ವಸೂಲು. ಸಾಮಾನುಗಳಲ್ಲಿ ಅನೇಕವು ಮಾತ್ರ ಈಚಿನ ನಕಲು.

ಮಂಡಿನೋವಿನವರಿಗೆ ವಿಕ್ಟರಿಯ ಕಡಿದಾದ ಏಣಿಗಳು ಬೇಡ. ನಾನಾದರೆ ಆ ಬಟ್ಟಲುಗಳ ಮುಂದೆಯೇ ಹೊತ್ತು ಕಳೆಯುತ್ತೇನೆ.